ನೆಡೀನ್ ಕರೆದು ತಂದ ಹುಡುಗಿ

ನೆಡೀನ್ ಸ್ಟಫಲ್‌ಬೀನ್‌ಳನ್ನು ಬೈಯುವವರು ನಮ್ಮೂರಲ್ಲಿ ಇಂದಿಗೂ ಇದ್ದಾರೆ. ಅವಳ ಹೆಸರೆತ್ತಿದರೆ ಕಣ್ಣು ಒದ್ದೆ ಮಾಡಿಕೊಳ್ಳುವವರೂ ಇದ್ದಾರೆ. ಎರಡೂ ಕಡೆಯವರ ಮಾತು ಕೇಳಿ ಕೇಳಿ ನನಗೆ ಸಾಕಾಗಿ ಹೋಗಿದೆ. ನಡೆದದ್ದು ಇಷ್ಟು: ಸಾಯುತ್ತಿದ್ದ ಅಜ್ಜಿಯ ಹಾಸಿಗೆಯ ಪಕ್ಕದಿಂದ ಒಂದು ಹುಡುಗಿಯನ್ನು ಎಬ್ಬಿಸಿ, ನಮ್ಮ ಹೈಸ್ಕೂಲು ಉಳಿಯಲಿ ಎಂದು, ಅವಳು ಪರೀಕ್ಷೆಗೆ ಕಳಿಸಿದಳು. ಆ ಹುಡುಗಿ ಅವಳನ್ನು ಕ್ಷಮಿಸಿದಳೇ ಎಂದು ಎಲ್ಲರೂ ನನ್ನನ್ನೇ ಕೇಳುತ್ತಾರೆ. ನಾನು ಓಪಲ್, ಸ್ಕೂಲಿನ ಅಡಿಗೆಯವಳು, ನೆಡೀನ್‌ಳ ಪಕ್ಕದ ಮನೆಯವಳು. ಗೊತ್ತಿಲ್ಲದವರು ಬಾಯಿಗೆ ಬಂದಂತೆ ಹೇಳುವುದಕ್ಕಿಂತ ನಾನೇ ಹೇಳುವುದು ವಾಸಿ.

ನೆಡೀನ್ ಸ್ಕೂಲು ಬಸ್ಸಿನ ಡ್ರೈವರ್. ಕೋಲ್ಟರ್ಸ್ ಮಿಲ್‌ನಿಂದ ಹೊರಟು ಪೊಸಮ್ ಫೋರ್ಕ್ ಕಣಿವೆಯ ತುದಿಯವರೆಗೆ ಹೋಗಿ ಬರುವ ದಾರಿ ಅವಳದು. ಅದು ಎಲ್ಲಕ್ಕಿಂತ ಉದ್ದದ ದಾರಿ, ಅರ್ಧ ಡಾಂಬರು, ಅರ್ಧ ಜಲ್ಲಿ. ಗಂಡಸರ ಬೂಟು ಹಾಕುತ್ತಿದ್ದಳು, ಕೂದಲನ್ನು ಗಂಟು ಕಟ್ಟಿ ಪೆನ್ಸಿಲ್ ಚುಚ್ಚಿಕೊಳ್ಳುತ್ತಿದ್ದಳು. ಗಂಟಲೋ, ಕೇಳಲೇಬೇಡಿ. ಅವಳು ಪಿಸುಗುಟ್ಟಿದರೂ ಕೊನೆಯ ಸೀಟಿನಲ್ಲಿ ಚೇಷ್ಟೆ ಮಾಡುತ್ತಿದ್ದವನು ನೆಟ್ಟಗೆ ಕೂರುತ್ತಿದ್ದ. ಗಂಡ ವರ್ಜಿಲ್ ಮರದ ಮಿಲ್ಲಿನಲ್ಲಿದ್ದ, ಬೇಗ ಹೋಗಿಬಿಟ್ಟ. ಮಕ್ಕಳಾಗಲಿಲ್ಲ. ಯಾರಾದರೂ ಆ ಮಾತೆತ್ತಿದರೆ, "ನನ್ ಬಸ್ಸಲ್ಲಿ ಮೂವತ್ತೆಂಟು ಇದಾವೆ, ನಿಂಗೆ ಎರಡು ಬೇಕಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಬೇರೆ ಡ್ರೈವರುಗಳು ಗೇಟಿನ ಮುಂದೆ ಎರಡು ಸಲ ಹಾರ್ನ್ ಹೊಡೆದು, ಮಗು ಬರದಿದ್ದರೆ ಮುಂದಕ್ಕೆ ಹೋಗುತ್ತಾರೆ. ನೆಡೀನ್ ಹಾಗಲ್ಲ. ಬಸ್ ನಿಲ್ಲಿಸಿ, ದೊಡ್ಡ ಹುಡುಗರಲ್ಲಿ ಒಬ್ಬನನ್ನು ಮೆಟ್ಟಿಲ ಹತ್ತಿರ ಕಾವಲಿಗೆ ಬಿಟ್ಟು, ದಡದಡ ಮನೆಯೊಳಗೇ ನುಗ್ಗುತ್ತಿದ್ದಳು. ಹೊದಿಕೆ ಎಳೆಯುತ್ತಿದ್ದಳು. "ಏಳೋ ಸೋಂಬೇರಿ, ನಿನ್ ಪ್ಯಾಂಟ್ ಎಲ್ಲೋ? ಆ ಹಲ್ಲು ಬಸ್ಸಲ್ಲಿ ಉಜ್ಜಿಕೊಳ್ಳೋವಂತೆ ಬಾ!" ಮಕ್ಕಳನ್ನು ಬಸ್ಸಿನಲ್ಲಿ ಬಿಟ್ಟು ಡ್ರೈವರ್ ಇಳಿಯುವಂತಿಲ್ಲ, ಅದು ಕಾಯಿದೆ. ಮೇಲಿನವರು ಕರೆಸಿ ಬೈದರು. "ನಿಮ್ ಕಾಯಿದೆ ಬಂದು ಆ ಹುಡುಗನ್ನ ಎಬ್ಬಿಸುತ್ತಾ?" ಎಂದು ಕೇಳಿ ಎದ್ದು ಬಂದಳು. ಅವಳ ದಾರಿಯ ಮಕ್ಕಳು ಮಿಕ್ಕೆಲ್ಲರಿಗಿಂತ ಹೆಚ್ಚು ದಿನ ಸ್ಕೂಲಿಗೆ ಬರುತ್ತಿದ್ದುದರಿಂದ ಅವರೂ ಸುಮ್ಮನಾದರು.

ಅವಳಿಗೆ ಈ ಹುಚ್ಚು ಎಲ್ಲಿಂದ ಬಂತು ಎಂಬುದು ನನಗೆ ಗೊತ್ತು. ಅವಳು ಹುಟ್ಟಿದ್ದು ಪೊಸಮ್ ಫೋರ್ಕ್‌ನಲ್ಲಿ. ಆಗ ಅಲ್ಲಿ ಹೈಸ್ಕೂಲಿತ್ತು, ಅಂಗಡಿಯಿತ್ತು, ಅಂಚೆ ಕಚೇರಿಯಿತ್ತು. ಅವಳು ಹತ್ತನೇ ತರಗತಿಯಲ್ಲಿದ್ದಾಗ ಆ ಸ್ಕೂಲನ್ನು ಮುಚ್ಚಿ ಮಕ್ಕಳನ್ನೆಲ್ಲ ನಮ್ಮ ಕೋಲ್ಟರ್ಸ್ ಮಿಲ್ ಸ್ಕೂಲಿಗೆ ಸೇರಿಸಿದರು. ನಮ್ಮವರೇನು ಕಡಿಮೆಯೇ? ಹಳ್ಳದವರು, ಇಲಿ ತಿನ್ನುವವರು ಎಂದು ಆಡಿಕೊಂಡರು. ನೆಡೀನ್ ಒಂದು ಚಳಿಗಾಲ ಹೇಗೋ ಬಂದಳು, ಆಮೇಲೆ ಬಿಟ್ಟುಬಿಟ್ಟಳು. "ಸ್ಕೂಲು ಹೋದ ಮೇಲೆ ಊರು ಹೋಗೋಕೆ ಎಷ್ಟು ಹೊತ್ತು ಓಪಲ್? ನಾನು ಮದುವೆಯಾಗಿ ಗಂಡನ ಬಟ್ಟೆ ಒಗೆಯೋದು ಕಲಿಯೋದ್ರೊಳಗೆ ನಮ್ಮೂರೇ ಇರ್ಲಿಲ್ಲ" ಎನ್ನುತ್ತಿದ್ದಳು. ಈಗ ಅಲ್ಲಿ ಚರ್ಚ್ ಒಂದೇ ಉಳಿದಿದೆ, ಅದರ ಬಾಗಿಲು ತೆಗೆಯುವುದು ಯಾರಾದರೂ ಸತ್ತಾಗ.

ಹೀಗಿರುವಾಗ ನಮ್ಮ ಸ್ಕೂಲಿಗೇ ರಾಜ್ಯ ಸರ್ಕಾರದವರು ಎಫ್ ಕೊಟ್ಟರು. ಪ್ರತಿ ವರ್ಷ ಪ್ರತಿ ಹೈಸ್ಕೂಲಿಗೂ ಎ, ಬಿ, ಸಿ, ಡಿ, ಇಲ್ಲವೇ ಫೇಲಾದರೆ ಎಫ್ ಎಂದು ಒಂದು ಅಕ್ಷರ ಹಚ್ಚುತ್ತಾರೆ, ಪೇಪರಿನಲ್ಲಿ ಹಾಕುತ್ತಾರೆ. ಒಂದರ ಹಿಂದೆ ಒಂದು ಎರಡು ಎಫ್ ಬಂದರೆ ಸ್ಕೂಲು ಮುಚ್ಚಿ ಮಕ್ಕಳನ್ನು ಬ್ರ್ಯಾಂಟನ್ ಊರಿನ ಸ್ಕೂಲಿಗೆ ಸೇರಿಸುವುದೆಂದು ತೀರ್ಮಾನವಾಗಿತ್ತು. ಬ್ರ್ಯಾಂಟನ್‌ನವರ ಸೊಕ್ಕು ಹೇಳತೀರದು. ಆ ಚಳಿಗಾಲ ಬಾಸ್ಕೆಟ್‌ಬಾಲ್ ಆಟಕ್ಕೆ ಬಂದಾಗ ಅವರ ಹುಡುಗರು ದೊಡ್ಡ ದೊಡ್ಡ ರಟ್ಟಿನ ಮೇಲೆ ಎಫ್ ಬರೆದು ಹಿಡಿದು ಕುಣಿದರು. ನಾನು ಕೈಯಲ್ಲಿದ್ದ ಪಾಪ್‌ಕಾರ್ನ್ ಪೊಟ್ಟಣವನ್ನು ಅವರ ಮೇಲೆ ಎಸೆದೆ. ನೆಡೀನ್ ಮಾತ್ರ ಅಲುಗಾಡದೆ ಕೂತಿದ್ದಳು. "ಪೊಸಮ್ ಫೋರ್ಕ್ ತುದಿಯಿಂದ ಬ್ರ್ಯಾಂಟನ್‌ಗೆ ಒಂದೂವರೆ ಗಂಟೆ ಆಗುತ್ತೆ. ಬೆಳಿಗ್ಗೆ ಐದಕ್ಕೆ ನಾನು ಯಾವ ಮಗೂನ ಎಬ್ಬಿಸ್ಲಿ? ಕ್ರಿಸ್‌ಮಸ್ ಹೊತ್ತಿಗೆ ಅರ್ಧ ಜನ ಬಿಟ್ಟಿರ್ತಾರೆ" ಎಂದಳು. ಅವಳಿಗೆ ನಿಜವಾಗಿ ಭಯವಾಗಿತ್ತು.

ಹೆಡ್‌ಮಾಸ್ಟರು ಹೋಲ್ಕಂಬ್, ಚಿಕ್ಕ ವಯಸ್ಸಿನವನು. ಒಳ್ಳೆಯ ಮನುಷ್ಯ, ಆದರೆ ಸದಾ ಗಾಬರಿ. ರಾಜಧಾನಿಯಲ್ಲಿ ದೊಡ್ಡ ದೊಡ್ಡ ಸ್ಕೂಲುಗಳ ಹೆಡ್‌ಮಾಸ್ಟರುಗಳ ನಡುವೆ ಕೂತು ತರಬೇತಿ ಮುಗಿಸಿ ಬಂದವನು ನಮ್ಮನ್ನೆಲ್ಲ ಸ್ಕೂಲಿನ ಬಾಸ್ಕೆಟ್‌ಬಾಲ್ ಆಡುವ ಜಿಮ್‌ನಲ್ಲಿ ಸೇರಿಸಿದ. "ಈ ವರ್ಷ ನಮ್ಮ ಮಕ್ಕಳು ಚೆನ್ನಾಗಿ ಮಾಡ್ತಿದಾರೆ. ಡಿ ಬಂದೇ ಬರುತ್ತೆ. ಆದ್ರೆ ಒಂದು ನಿಯಮ ಇದೆ. ಹನ್ನೊಂದನೇ ತರಗತಿಯ ನೂರಕ್ಕೆ ತೊಂಬತ್ತೈದು ಮಕ್ಕಳು ಪರೀಕ್ಷೆಗೆ ಕೂತಿರಲೇಬೇಕು. ಕಡಿಮೆಯಾದ್ರೆ ಒಂದು ಅಕ್ಷರ ಇಳಿಸ್ತಾರೆ. ಡಿ ಇಂದ ಇಳಿದ್ರೆ ಎಫ್. ಅಲ್ಲಿಗೆ ನಾವು ಮುಗೀತು" ಎಂದ. ನಮ್ಮ ಹನ್ನೊಂದನೇ ತರಗತಿಯಲ್ಲಿ ಇದ್ದದ್ದೇ ಇಪ್ಪತ್ತೊಂದು ಮಕ್ಕಳು. ಒಬ್ಬರು ಬರದಿದ್ದರೆ ಹೇಗೋ ನಡೆಯುತ್ತದೆ, ಇಬ್ಬರಾದರೆ ಸ್ಕೂಲೇ ಇಲ್ಲ. ಆ ಒಬ್ಬ ಆಗಲೇ ಕೈಬಿಟ್ಟಿದ್ದ. ಅಪ್ಪನ ಜೊತೆ ಟೆಕ್ಸಸ್‌ಗೆ ಹೊರಟು ಹೋಗಿದ್ದ, ಹೆಸರು ಮಾತ್ರ ನಮ್ಮ ಹಾಜರಿಯಲ್ಲಿ ಉಳಿದಿತ್ತು. ಉಳಿದ ಇಪ್ಪತ್ತು ಮಕ್ಕಳಲ್ಲಿ ಒಬ್ಬರೂ ತಪ್ಪುವಂತಿರಲಿಲ್ಲ.

ಪರೀಕ್ಷೆಯ ವಾರ ಯಾವಾಗ ಬಂತು ಅಂತೀರಿ? ಸರಿಯಾಗಿ ಟರ್ಕಿ ಕೋಳಿಯ ಬೇಟೆ ಶುರುವಾಗುವ ಸೋಮವಾರ! ನಮ್ಮ ಹುಡುಗರಿಗೆ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ. ಅಪ್ಪಂದಿರೇ ಕರೆದುಕೊಂಡು ಹೋಗುತ್ತಾರೆ. ಆ ಬೆಳಿಗ್ಗೆ ನಾಲ್ಕು ಮನೆಗಳಲ್ಲಿ ಹಾಸಿಗೆ ಖಾಲಿ. ನೆಡೀನ್ ಗುಡ್ಡದ ಬುಡದಲ್ಲಿ ಬಸ್ ನಿಲ್ಲಿಸಿ ಹಾರ್ನನ್ನು ಒತ್ತಿ ಹಿಡಿದಳು. ಬಿಡಲೇ ಇಲ್ಲ. ಗುಡ್ಡದಲ್ಲಿದ್ದ ಟರ್ಕಿಗಳೆಲ್ಲ ಪಕ್ಕದ ತಾಲ್ಲೂಕಿಗೆ ಓಡಿರಬೇಕು. ಇನ್ನು ಯಾವ ಬೇಟೆ? ಹುಡುಗರು ಹಸಿರು ಪಟ್ಟೆಯ ಬಟ್ಟೆಯಲ್ಲಿ, ಮುಖಕ್ಕೆ ಮಸಿ ಬಳಿದುಕೊಂಡು, ಬೈಯುತ್ತ ಇಳಿದು ಬಂದರು. ಹಾಗೆಯೇ ಪರೀಕ್ಷೆಗೆ ಕೂತರು. ಆ ದಿನ ಊರೆಲ್ಲ ನಕ್ಕಿತು.

ಬರದೆ ಉಳಿದವಳು ಒಬ್ಬಳೇ, ಕ್ಯಾಸಿ ಗಿಲ್‌ಸ್ಟ್ರಾಪ್.

ಕ್ಯಾಸಿ ಬೇಟೆಗೆ ಹೋದವಳಲ್ಲ. ಕಣಿವೆಯ ಕೊನೆಯ ಮನೆಯಲ್ಲಿ ಅಜ್ಜಿ ಯೂಲಾ ಜೊತೆ ಇದ್ದಳು. ಅವಳ ತಾಯಿ ಮಾದಕ ಮಾತ್ರೆಗಳ ಹಿಂದೆ ಹೋದವಳು ತಿರುಗಿ ನೋಡಲಿಲ್ಲ, ಯೂಲಾಳೇ ಎದೆಗವಚಿಕೊಂಡು ಬೆಳೆಸಿದ್ದು. ವಾರಕ್ಕೊಮ್ಮೆ ನನಗೆ ಮೊಟ್ಟೆ ತಂದುಕೊಟ್ಟು, "ಮಿಸ್ ಓಪಲ್, ಒಡೆದಿರೋದು ಇದ್ರೆ ಅಜ್ಜಿಗೆ ಹೇಳ್ಬೇಡಿ" ಎಂದು ನಗುತ್ತಿದ್ದಳು. ಯೂಲಾಳ ಶ್ವಾಸಕೋಶ ಸೋತಿತ್ತು. ಮೂಗಿಗೆ ನಳಿಗೆ ಹಾಕಿ ಆಮ್ಲಜನಕದ ಯಂತ್ರ ಇಟ್ಟಿದ್ದರು, ನರ್ಸ್ ಬಂದು ಹೋಗುತ್ತಿದ್ದಳು. ಸೋಮವಾರ ಪರೀಕ್ಷೆ ತಪ್ಪಿದವರಿಗಾಗಿ ಅದೇ ವಾರದ ಶುಕ್ರವಾರ ಬೆಳಿಗ್ಗೆ ಇನ್ನೊಂದು ಅವಕಾಶ ಇಟ್ಟಿದ್ದರು. ಅದೇ ಕೊನೆ.

ಶುಕ್ರವಾರ ಮಕ್ಕಳನ್ನು ಇಳಿಸಿದ ಮೇಲೆ ನೆಡೀನ್ ಖಾಲಿ ಬಸ್ಸನ್ನು ಮತ್ತೆ ಕಣಿವೆಗೆ ತಿರುಗಿಸಿದಳು. ಯೂಲಾಳ ಮನೆಗೆಂದು ಕೋಳಿ ಮತ್ತು ಅನ್ನ ಹಾಕಿ ಬೇಯಿಸಿದ ಒಂದು ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನೂ ಹತ್ತಿದೆ. ಹಿಂದೆ ತನ್ನ ಪಿಕಪ್‌ನಲ್ಲಿ ಹೋಲ್ಕಂಬ್ ಬಂದ.

ಕ್ಯಾಸಿ ಜಗುಲಿಗೆ ಬಂದಳು. ತಲೆ ಬಾಚಿರಲಿಲ್ಲ.

"ಯೂಲಾ ಹೇಗಿದ್ದಾಳೆ ಮಗಾ?" ಎಂದಳು ನೆಡೀನ್.

"ರಾತ್ರಿಯೆಲ್ಲ ಕೆಮ್ಮು. ಈಗ ಕಣ್ಣು ಮುಚ್ಚಿದ್ದಾಳೆ. ಇನ್ನೆರಡು ದಿನ, ಮೂರು ದಿನ ಅಂದ್ಲು ನರ್ಸ್."

ಹೋಲ್ಕಂಬ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಕ್ಯಾಸಿ, ಇದು ಕೇಳಬಾರದ ಮಾತು, ನಂಗೊತ್ತು..."

"ಹಾಗಾದ್ರೆ ಕೇಳ್ಬೇಡಿ ಸರ್."

ಭಲೇ ಹುಡುಗಿ ಎಂದುಕೊಂಡೆ. ಅವನು ತಲೆ ತಗ್ಗಿಸಿ ಪಿಕಪ್ಪಿಗೆ ಹೋಗಿಬಿಡುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನೆಡೀನ್ ಮೆಟ್ಟಿಲು ಹತ್ತಿ ಅವಳ ಎರಡೂ ಕೈ ಹಿಡಿದುಕೊಂಡಳು.

"ನನ್ ಕಡೆ ನೋಡು ಕಣೇ. ನೀನು ಏನೂ ಬರೀಬೇಕಾಗಿಲ್ಲ. ಬಾತುಕೋಳಿ ಚಿತ್ರ ಬರೆದು ಕೊಡು ಬೇಕಾದ್ರೆ. ಮೂರು ಗಂಟೆ ಕುರ್ಚೀಲಿ ಕೂತ್ರೆ ಸಾಕು. ನಿನ್ ಹಿಂದೆ ಈ ಕಣಿವೇಲಿ ಇನ್ನೂ ಎಷ್ಟು ಮಕ್ಕಳಿದಾವೆ, ಆ ಟಕ್ಕರ್ ಮನೆಯ ಅವಳಿಗಳು, ಆ ಕುಂಟ ಹುಡುಗ. ಅವರನ್ನ ಬ್ರ್ಯಾಂಟನ್‌ಗೆ ಕಳಿಸೋಣ್ವಾ?"

"ಮಿಸ್ ನೆಡೀನ್, ಅವಳು ಎದ್ರೆ?"

"ನಾನಿಲ್ಲೇ ಕೂತಿರ್ತೀನಿ. ಒಂದು ಹೆಜ್ಜೆ ಅಲ್ಲಾಡಲ್ಲ. ಎದ್ಲು ಅಂದ್ರೆ ಆ ಕ್ಷಣ ಸ್ಕೂಲಿಗೆ ಫೋನ್ ಮಾಡ್ತೀನಿ, ಆಣೆ."

ಕ್ಯಾಸಿ ನನ್ನ ಕಡೆ ನೋಡಿದಳು. ನಾನು ಕೈಯಲ್ಲಿದ್ದ ಪಾತ್ರೆಯ ಮುಚ್ಚಳ ಸರಿಮಾಡಿದೆ. ಅವಳು ಒಳಗೆ ಹೋಗಿ ಅಜ್ಜಿಯ ಹಣೆ ಮುಟ್ಟಿ ಬಂದು ಪಿಕಪ್ ಹತ್ತಿದಳು. ಮಧ್ಯಾಹ್ನದ ಊಟದ ಕೆಲಸವಿದ್ದುದರಿಂದ ನಾನೂ ಅದರಲ್ಲೇ ಹಿಂದಿರುಗಿದೆ. ಮೂವರೂ ಒಂದೇ ಸೀಟಿನಲ್ಲಿ. ಹೋಲ್ಕಂಬ್ ಸ್ಟಿಯರಿಂಗ್ ಮೇಲೆ ಬೆರಳು ಕುಟ್ಟುತ್ತಲೇ ಇದ್ದ, ಆ ಬೆರಳು ಮುರಿಯಬೇಕೆನಿಸಿತು.

ಹನ್ನೆರಡೂವರೆಗೆ ಹೋಲ್ಕಂಬ್ ಅವಳನ್ನು ಮನೆಗೆ ಬಿಡಲು ಹೊರಟ. ಪೊಟ್ಟಣದಲ್ಲಿ ಅವಳ ಊಟ ಹಿಡಿದು ನಾನೂ ಹೋದೆ. ಪಿಕಪ್ ಅಂಗಳಕ್ಕೆ ತಿರುಗಿದಾಗ ನೆಡೀನ್ ಜಗುಲಿಯ ಮೇಲೆ ನಿಂತಿದ್ದಳು, ಎರಡೂ ಕೈ ಏಪ್ರನ್ ಒಳಗೆ ಸೇರಿಸಿಕೊಂಡು. ಆಮ್ಲಜನಕದ ಯಂತ್ರದ ಸದ್ದು ಕೇಳಿಸುತ್ತಿರಲಿಲ್ಲ. ಕ್ಯಾಸಿಗೆ ಅಷ್ಟೇ ಸಾಕಾಯಿತು.

"ಎದ್ದಿದ್ಲಾ? ನನ್ನ ಕೇಳಿದ್ಲಾ?"

"ಇಲ್ಲ ಮಗಾ. ನಿದ್ದೇಲೇ ಹೋದ್ಲು. ಉಸಿರು ಹಾಗೇ ಸಣ್ಣಗಾಗಿ ನಿಂತುಹೋಯ್ತು" ಎಂದಳು ನೆಡೀನ್.

ಕ್ಯಾಸಿ ಅವಳನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ. ಪೊಸಮ್ ಫೋರ್ಕ್ ಚರ್ಚಿನ ಬಾಗಿಲು ತೆಗೆಸಿ ಪ್ರಾರ್ಥನೆ ನಡೆಯಿತು. ಯೂಲಾಳ ಕಡೆಯವರೆಲ್ಲ ಮಲಗಿರುವುದು ನಮ್ಮ ಕೋಲ್ಟರ್ಸ್ ಮಿಲ್ ಪಟ್ಟಣದ ಸ್ಮಶಾನದಲ್ಲಿ, ಹಾಗಾಗಿ ಅಲ್ಲಿಗೇ ತಂದು ಮಣ್ಣು ಮಾಡಿದೆವು. ಯಾರು ಯಾರೋ ತಂದ ಹ್ಯಾಮು, ಬೀನ್ಸು, ಕಡುಬುಗಳು ಮೇಜು ತುಂಬಿದವು. ಅಂದೇ ನೆಡೀನ್ ಕ್ಯಾಸಿಯನ್ನು ತನ್ನ ಮನೆಗೆ ಕರೆದುಕೊಂಡು ಬಂದಳು.

ಆ ಬೇಸಿಗೆ ಪಕ್ಕದ ಮನೆಯಿಂದ ನಾನು ನೋಡಿದ್ದನ್ನು ಹೇಳಿದರೆ ನೀವು ನಂಬಲಿಕ್ಕಿಲ್ಲ. ಮಿಲಿಟರಿಯವಳಂತಿದ್ದ ನೆಡೀನ್ ಕಿಟಕಿಗೆ ಹೂವಿನ ಪರದೆ ಹೊಲಿದಳು. ಇಬ್ಬರೂ ಸಂಜೆ ಜಗುಲಿಯಲ್ಲಿ ಬಟಾಣಿ ಬಿಡಿಸುತ್ತ ಕಿತ್ತಾಡುವುದು ನನ್ನ ಅಡಿಗೆಮನೆಗೆ ಕೇಳಿಸುತ್ತಿತ್ತು.

"ನೀವು ಗೊರಕೆ ಹೊಡೆದ್ರೆ ಗೋಡೆ ಅದುರುತ್ತೆ ಮಿಸ್ ನೆಡೀನ್."

"ಬಾಡಿಗೆ ಕೊಡದೆ ಇರೋವಳು ಸುಮ್ನೆ ಕೇಳಿಸ್ಕೋ."

ಆದರೆ ಒಮ್ಮೊಮ್ಮೆ ಕ್ಯಾಸಿ, "ಅಜ್ಜಿ ನೋವಿಲ್ದೆ ಹೋದ್ಲು, ಸ್ಕೂಲೂ ಉಳಿಯುತ್ತೆ. ಅಜ್ಜಿ ಇದ್ದಿದ್ರೆ ಹೆಮ್ಮೆಪಡೋಳು ಅಲ್ವಾ?" ಎನ್ನುತ್ತಿದ್ದಳು. ಆಗೆಲ್ಲ ನೆಡೀನ್ ಎದ್ದು ಯಾವುದೋ ಕೆಲಸಕ್ಕೆ ಒಳಗೆ ಹೋಗುತ್ತಿದ್ದಳು. ದುಃಖವಿರಬೇಕು ಎಂದುಕೊಂಡೆ ನಾನು.

ಅಕ್ಟೋಬರಿನಲ್ಲಿ ಅಕ್ಷರ ಬಂತು. ಡಿ! ಪ್ರಪಂಚದಲ್ಲಿ ಡಿ ಬಂದದ್ದಕ್ಕೆ ಇಷ್ಟು ಕುಣಿದವರು ಬೇರೆ ಯಾರೂ ಇರಲಿಕ್ಕಿಲ್ಲ. ಚರ್ಚಿನ ಗಂಟೆ ಹೊಡೆದರು. ಜಿಮ್‌ನಲ್ಲಿ ಸಭೆ ಸೇರಿತು, ನಾನು ದೊಡ್ಡ ತಟ್ಟೆಯಲ್ಲಿ ಕೇಕ್ ಮಾಡಿದ್ದೆ. ರಾಜ್ಯದ ಕಚೇರಿಯಿಂದ ಒಬ್ಬ ತರುಣಿ ಬಂದು ಅಂಕಿಅಂಶ ವಿವರಿಸಿದಳು. ನೆಡೀನ್, ನಾನು, ನಮ್ಮಿಬ್ಬರ ನಡುವೆ ಕ್ಯಾಸಿ, ಮೂವರೂ ಬೆಂಚಿನ ಮೇಲೆ ಒತ್ತಿಕೊಂಡು ಕೂತಿದ್ದೆವು.

ಕೊನೆಗೆ ಒಬ್ಬ ಹುಡುಗನ ಅಪ್ಪ ಎದ್ದು ನಿಂತ. "ಮೇಡಂ, ಬರೋ ವರ್ಷಾನೂ ಪರೀಕ್ಷೆ ಟರ್ಕಿ ಬೇಟೆ ದಿನವೇ ಬರುತ್ತಂತೆ. ಆ ತೊಂಬತ್ತೈದರ ನಿಯಮದಲ್ಲಿ ಒಬ್ಬಿಬ್ಬರಿಗೆ ವಿನಾಯಿತಿ ಕೊಡೋಕಾಗುತ್ತಾ?"

"ಯಾವ ನಿಯಮ?" ಎಂದಳು ಅವಳು. ಆಮೇಲೆ, "ಓ, ಅದಾ. ಅದು ನಲವತ್ತು ಮಕ್ಕಳಿಗಿಂತ ಹೆಚ್ಚು ಬರೆಯೋ ಸ್ಕೂಲುಗಳಿಗೆ. ನಿಮ್ಮಂಥ ಚಿಕ್ಕ ಸ್ಕೂಲಿಗೆ ಅದು ಯಾವತ್ತೂ ಅನ್ವಯಿಸಿಲ್ಲ."

ಇಡೀ ಜಿಮ್ ಹೋ ಎಂದು ನಕ್ಕಿತು. "ಲೋ ಹೋಲ್ಕಂಬ್, ನನ್ ಮಗನ ಟರ್ಕಿ ಈಗ ನೀನೇ ತಂದ್ಕೊಡು!" ಎಂದು ಆ ಅಪ್ಪ ಕೂಗಿದ. ಹೋಲ್ಕಂಬ್ ಬಿಳಿಚಿಕೊಂಡ ಮುಖದಲ್ಲೇ ಹಲ್ಲು ಕಿರಿದ. ದೊಡ್ಡ ಸ್ಕೂಲುಗಳವರ ನಡುವೆ ಕೂತು ಕೇಳಿದ್ದನ್ನು ಹಾಗೆಯೇ ನಮಗೆ ಹೊರಿಸಿಬಿಟ್ಟಿದ್ದ. ನಾವಾದರೂ ಅಷ್ಟೇ, ಯಾರೂ ಮರುಮಾತು ಕೇಳಲಿಲ್ಲ. ನಾವು ಲೆಕ್ಕಕ್ಕೇ ಇಲ್ಲದಷ್ಟು ಚಿಕ್ಕವರೆಂದು ನಮಗೆ ಹೊಳೆಯಲೇ ಇಲ್ಲ.

ನೆಡೀನ್ ಎದ್ದು ನಿಂತಳು. "ಅಂದ್ರೆ ಒಂದು ಮಗು ಬರದೆ ಇದ್ದಿದ್ರೂ ಇದೇ ಡಿ ಬರ್ತಿತ್ತಾ?"

"ಬರ್ತಿತ್ತು ಮೇಡಂ."

ನೆಡೀನ್ ಕೂತಳು. ಕ್ಯಾಸಿ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅವಳೇ ನೆಡೀನ್‌ಳ ಮೊಣಕಾಲ ಮೇಲೆ ಕೈಯಿಟ್ಟಳು. "ಇರ್ಲಿ ಬಿಡಿ ಮಿಸ್ ನೆಡೀನ್. ನೀವೇನು ಬೇಕಂತ ಮಾಡಿದ್ರಾ? ಅಜ್ಜಿ ಹೆಂಗೂ ನಿದ್ದೇಲಿದ್ಲು. ನಾನು ಪಕ್ಕದಲ್ಲಿದ್ರೂ ಅವಳಿಗೆ ಗೊತ್ತಾಗ್ತಿರ್ಲಿಲ್ಲ."

ಉಳಿದ ಕೇಕ್ ತೆಗೆದುಕೊಂಡು ನಾನು ಅವರ ಜೊತೆಯೇ ನೆಡೀನ್‌ಳ ಅಡಿಗೆಮನೆಗೆ ಹೋದೆ. ಕ್ಯಾಸಿ ಕಾಫಿಗೆ ನೀರಿಟ್ಟಳು. ನೆಡೀನ್ ಕೋಟು ಕೂಡ ಬಿಚ್ಚದೆ ಮೇಜಿನ ಮುಂದೆ ನಿಂತೇ ಇದ್ದಳು.

"ಅವಳು ಎದ್ದಿದ್ಲು" ಎಂದಳು.

ಕ್ಯಾಸಿ ತಿರುಗಲಿಲ್ಲ. "ಯಾರು?"

"ನಿನ್ನಜ್ಜಿ. ನೀನು ಪರೀಕ್ಷೆಗೆ ಕೂತು ಸ್ವಲ್ಪ ಹೊತ್ತಿಗೆ ಎದ್ಲು. ನಿನ್ನ ಕೇಳಿದ್ಲು."

ನನ್ನ ಕೈಯಲ್ಲಿದ್ದ ಚಾಕು ಕೇಕಿನಲ್ಲೇ ನಿಂತಿತು. ಕ್ಯಾಸಿ ಒಲೆ ಆರಿಸಿ ಬಂದು ಎದುರಿಗೆ ಕೂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದಿತು.

"ಎಷ್ಟು ಹೊತ್ತು ಎಚ್ಚರ ಇದ್ಲು?"

"ಒಂದು ಗಂಟೆ ಮೇಲೆ."

"ಸ್ಕೂಲಿಂದ ಮನೆಗೆ ನಲವತ್ತು ನಿಮಿಷ."

"ಹೌದು."

"ಫೋನ್ ಎಲ್ಲಿತ್ತು?"

"ನನ್ ಕೈಯಲ್ಲೇ ಇತ್ತು ಕಣೇ." ನೆಡೀನ್‌ಳ ಆ ದೊಡ್ಡ ಗಂಟಲು ಆಗ ಕೇಳಿಸುವುದೇ ಕಷ್ಟವಾಗಿತ್ತು. "ನಂಬರ್ ಅರ್ಧ ಒತ್ತಿದ್ದೆ. ಮಧ್ಯದಲ್ಲಿ ಎದ್ದು ಬಂದ್ರೆ ಕೂತಿದ್ದು ಲೆಕ್ಕಕ್ಕಿಲ್ಲ ಅಂತ ಹೋಲ್ಕಂಬ್ ಹೇಳಿದ್ದ. ಇನ್ನೊಂದು ಗಂಟೆ ತಡೀತಾಳೆ, ತಡೀತಾಳೆ ಅಂದ್ಕೊಂಡೆ. ತಡೀಲಿಲ್ಲ."

"ಏನಂದ್ಲು ಅವಳು? ಒಂದೊಂದು ಮಾತೂ ಹೇಳಿ."

"ಕಣ್ಣು ಸರಿಯಾಗಿ ಕಾಣ್ತಿರ್ಲಿಲ್ಲ. ಕೈ ಚಾಚಿ, 'ಕ್ಯಾಸಿ, ನೀನಾ?' ಅಂದ್ಲು. ನಾನು ಕೈ ಹಿಡ್ಕೊಂಡು, 'ಹೂಂ ಅಜ್ಜಿ' ಅಂದೆ."

"ಆಮೇಲೆ?"

"'ಇವತ್ತು ಹೋಗ್ಬೇಡ' ಅಂದ್ಲು. 'ಹೋಗಲ್ಲ' ಅಂದೆ."

ಕ್ಯಾಸಿ ಎದ್ದು ತನ್ನ ಕೋಣೆಗೆ ಹೋದಳು. ಬಟ್ಟೆಗಳನ್ನು ಚೀಲಕ್ಕೆ ತುರುಕುವ ಸದ್ದು ಕೇಳಿಸಿತು. ಯೂಲಾಳ ತಂಗಿ ಲೊರೀನ್ ಪಟ್ಟಣದೊಳಗೇ ಇದ್ದಳು, ಅವಳ ಮನೆಗೆ ನಡೆದುಕೊಂಡೇ ಹೋದಳು. ಹೋಗುವಾಗ ಬಾಗಿಲನ್ನು ಮೆತ್ತಗೆ ಮುಚ್ಚಿದಳು. ನೆಡೀನ್‌ಳಿಗೆ ನಾನು ಆ ದಿನ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ನಾಲಿಗೆ ಹರಿಯಬಿಟ್ಟೆ, ಸಿಟ್ಟು ನೆತ್ತಿಗೇರಿತ್ತು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದವರೆಗೆ ನಾನು ಅವಳ ಜೊತೆ ಮಾತು ಬಿಟ್ಟಿದ್ದೆ. ಆ ದಿನ ಅವಳ ಮನೆಯ ಚಿಮಣಿಯಲ್ಲಿ ಹೊಗೆ ಕಾಣದೆ ತಡೆಯಲಾರದೆ ಒಂದು ತಟ್ಟೆ ಊಟ ಹಿಡಿದು ಹೋದೆ. ಕತ್ತಲಲ್ಲಿ ಕೂತಿದ್ದಳು. ಏನು ಮಾಡುವುದು, ಅವಳು ನನ್ನ ನೆಡೀನ್.

ಹೋಲ್ಕಂಬ್ ಒಂದು ದಿನ ನನ್ನ ಅಡಿಗೆಮನೆಗೆ ಬಂದು ಹಿಟ್ಟಿನ ಡಬ್ಬದ ಮೇಲೆ ಕೂತ. "ಓಪಲ್, ನಾನು ಆ ನಿಯಮಾನ ಪೂರ್ತಿ ಓದಬೇಕಿತ್ತು" ಎಂದ. "ಓದಬೇಕಿತ್ತು" ಎಂದೆ. ಅವನು ಅಲ್ಲೇ ಕೂತು ಒಂದು ಬುಟ್ಟಿ ಆಲೂಗಡ್ಡೆ ಸುಲಿದು ಹೋದ.

ಆ ವರ್ಷವೆಲ್ಲ ನೆಡೀನ್ ಬಸ್ ಓಡಿಸಿದಳು. ಮೊದಲಿನಂತೆಯೇ ಮಕ್ಕಳನ್ನು ಎಬ್ಬಿಸಿದಳು, ಆದರೆ ಯಾರ ಹೊದಿಕೆಯನ್ನೂ ಎಳೆಯಲಿಲ್ಲ, ಬಾಗಿಲಲ್ಲಿ ನಿಂತು ಮನೆಯಲ್ಲಿ ಎಲ್ಲರೂ ಆರೋಗ್ಯವೇ ಎಂದು ಕೇಳುತ್ತಿದ್ದಳು. ಎರಡು ಸಲ ಲೊರೀನ್‌ಳ ಮನೆಗೆ ಹೋದಳಂತೆ. ಕ್ಯಾಸಿ ಹೊರಗೆ ಬರಲಿಲ್ಲ. ಊಟದ ಸಾಲಿನಲ್ಲಿ ನನ್ನ ಹತ್ತಿರ ಕ್ಯಾಸಿ ಮೊದಲಿನಂತೆ ಮಾತಾಡುತ್ತಿದ್ದಳು. ನೆಡೀನ್‌ಳ ಹೆಸರು ಬಂದರೆ ಮಾತ್ರ ತಟ್ಟೆ ಎತ್ತಿಕೊಂಡು ಮುಂದೆ ಹೋಗುತ್ತಿದ್ದಳು. ಆ ಏಪ್ರಿಲ್‌ನ ಪರೀಕ್ಷೆಯ ದಿನ ಮೂರು ಜನ ಹುಡುಗರು ಬೇಟೆಗೆ ಹೋದರು, ಯಾರೂ ಕೇಳಲಿಲ್ಲ.

ಮೇ ತಿಂಗಳಲ್ಲಿ ಒಂದು ಭಾನುವಾರ ಮಧ್ಯಾಹ್ನ ಹನ್ನೆರಡನೇ ತರಗತಿ ಮುಗಿಸಿದವರ ಪದವಿ ಸಮಾರಂಭ. ಕಾರಿಲ್ಲದ ಮನೆಯವರನ್ನೆಲ್ಲ ನೆಡೀನ್ ಬಸ್ಸಿನಲ್ಲಿ ತಂದಿಳಿಸಿದ್ದಳು. ನಮ್ಮಲ್ಲಿ ಪ್ರಮಾಣಪತ್ರ ಕೈಗೆ ಬರುವ ಮುಂಚೆ ಪ್ರತಿಯೊಂದು ಮಗುವಿಗೂ ಒಂದೊಂದು ಕೆಂಪು ಗುಲಾಬಿ ಕೊಡುತ್ತಾರೆ. ಮಗು ವೇದಿಕೆಯಿಂದ ಇಳಿದು ಬಂದು ತನ್ನನ್ನು ಬೆಳೆಸಿದವರ ಕೈಗೆ ಅದನ್ನು ಕೊಟ್ಟು ತಬ್ಬಿಕೊಳ್ಳಬೇಕು. ಆ ಹೊತ್ತಿಗೆ ಕರವಸ್ತ್ರ ತೆಗೆಯದ ಗಂಡಸೇ ಇಲ್ಲ. ಕ್ಯಾಸಿ ಇಳಿದು ಬಂದಾಗ ಜಿಮ್ಮಿನಲ್ಲಿದ್ದವರೆಲ್ಲ ಕತ್ತು ತಿರುಗಿಸಿದ್ದು ನೆಡೀನ್ ಕಡೆಗೆ. ನನಗೂ ಎದೆಯಲ್ಲಿ ಆಸೆ ಹುಟ್ಟಿತು, ಸುಳ್ಳೇಕೆ ಹೇಳಲಿ. ನೆಡೀನ್ ನೆಲ ನೋಡುತ್ತ ಕೂತಿದ್ದಳು.

ಕ್ಯಾಸಿ ಲೊರೀನ್ ಕೂತಿದ್ದಲ್ಲಿ ನಿಲ್ಲಲಿಲ್ಲ, ನಮ್ಮ ಮುಂದೆಯೂ ನಿಲ್ಲಲಿಲ್ಲ. ಗುಲಾಬಿ ಹಿಡಿದು ನೇರ ನಡೆದು ಜಿಮ್ಮಿನ ದೊಡ್ಡ ಬಾಗಿಲಿನಿಂದ ಹೊರಗೆ ಹೋದಳು. ಪತ್ರ ಕೊಡುವುದು ಬಾಕಿ ಇತ್ತು.

"ಸ್ಮಶಾನಕ್ಕೆ ಹೋಗ್ತಿದಾಳೆ. ಆ ರಸ್ತೇಲಿ ಮರದ ಲಾರಿಗಳು ಹುಚ್ಚು ಹಿಡಿದಂಗೆ ಓಡ್ತವೆ" ಎಂದಳು ನೆಡೀನ್. ಎದ್ದು ಹೊರಗೆ ಓಡಿದಳು. ನಾನೂ ಹಿಂದೆಯೇ ಓಡಿ ಬಸ್ ಹತ್ತಿದೆ.

ಕ್ಯಾಸಿ ಚಪ್ಪಲಿ ಕಳಚಿ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಹೂವು ಹಿಡಿದು, ನೀಲಿ ನಿಲುವಂಗಿಯಲ್ಲಿ ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದಳು. ನೆಡೀನ್ ಅವಳ ಹಿಂದೆ ಸ್ವಲ್ಪ ದೂರ ಬಿಟ್ಟು, ಬಸ್ಸಿನ ಹಳದಿ ದೀಪಗಳನ್ನು ಮಿಣುಕಿಸುತ್ತ, ಮನುಷ್ಯ ನಡೆಯುವ ವೇಗದಲ್ಲೇ ಓಡಿಸಿದಳು. ನಮ್ಮ ಹಿಂದೆ ಲಾರಿ, ಕಾರುಗಳು ಸಾಲುಗಟ್ಟಿದವು. ಒಬ್ಬ ಹಾರ್ನ್ ಹೊಡೆದ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಅವನಿಗೆ ಬುದ್ಧಿ ಹೇಳಿದೆ, ಮತ್ತೆ ಹೊಡೆಯಲಿಲ್ಲ.

"ಬಾಗಿಲು ತೆಗೆದು ಕರೀ ನೆಡೀನ್. ಕಾಲು ಸುಡ್ತಿರುತ್ತೆ ಮಗೂಗೆ" ಎಂದೆ.

"ಬೇಡ. ಅವಳು ಹೋಗಬೇಕಾದ ಕಡೆ ಹೋಗ್ತಿದಾಳೆ. ಈ ಸಲ ನಾನು ಅಡ್ಡ ಬರಲ್ಲ."

ಸ್ಮಶಾನದ ಗೇಟಿನ ಹತ್ತಿರ ಕ್ಯಾಸಿ ಒಂದು ಸಲ ತಿರುಗಿ ಬಸ್ಸನ್ನು ನೋಡಿದಳು. ಕೈ ಬೀಸಲಿಲ್ಲ. ಒಳಗೆ ಹೋಗಿ ದೇವದಾರು ಮರಗಳ ಮರೆಯಲ್ಲಿ ಕಾಣದಾದಳು. ನೆಡೀನ್ ಬಸ್ಸನ್ನು ಗೇಟಿನ ಬದಿಗೆ ಸರಿಸಿ ಎಂಜಿನ್ ಆರಿಸಿದಳು. ಇಳಿಯಲಿಲ್ಲ. ನಾವು ಬಿಸಿಲು ಇಳಿಯುವವರೆಗೆ ಅಲ್ಲೇ ಕೂತಿದ್ದೆವು. ಕೊನೆಗೆ ತಡೆಯಲಾರದೆ ನಾನೇ ಇಳಿದು ಹೋಗಿ ನೋಡಿದೆ. ಯೂಲಾಳ ಕಲ್ಲಿನ ಬುಡದಲ್ಲಿ ಗುಲಾಬಿ ಇತ್ತು, ಮುಂದಿನ ಹುಲ್ಲು ಬಹಳ ಹೊತ್ತು ಯಾರೋ ಕೂತು ಎದ್ದ ಹಾಗೆ ಒತ್ತಿಕೊಂಡಿತ್ತು. ಹುಡುಗಿ ಇರಲಿಲ್ಲ. ಹಿಂದಿನ ಗೇಟಿನ ಹತ್ತಿರ ಕಾರೊಂದು ಬಂದು ಹೋದ ಗುರುತಿತ್ತು, ಲೊರೀನ್‌ಳದೇ ಇರಬೇಕು.

ಬಂದು ಹೇಳಿದೆ.

ನೆಡೀನ್ ಎಂಜಿನ್ ಶುರು ಮಾಡಿದಳು. "ಅವಳಿಗೆ ಬೇಕಾದಷ್ಟು ಹೊತ್ತು ಅಜ್ಜಿ ಹತ್ರ ಕೂತಳಲ್ಲ ಓಪಲ್" ಎಂದಳು. "ಯಾರೂ ಬಂದು ಎಬ್ಬಿಸಲಿಲ್ಲ." ಆಮೇಲೆ, ಜಿಮ್ಮಿನಲ್ಲಿ ಕಾಯುತ್ತಿದ್ದವರನ್ನು ಮನೆಗೆ ಮುಟ್ಟಿಸಬೇಕಿದ್ದುದರಿಂದ, ಬಸ್ ತಿರುಗಿಸಿದಳು.